ಗೋಡೆಯ ಕೆಂಪು ಪಟ್ಟೆ

ಮಕ್ಕಳೇ, ನಿನ್ನೆ ನಿಮ್ಮ ಗೇಟಿಗೆ ಬಳಿದ ಕೆಂಪು ಬಣ್ಣದ ವಾಸನೆಗೆ ನನಗೆ ಚೆನ್ನೈನ ರಾಯಪುರಂನಲ್ಲಿ ಕಳೆದ ಒಂದು ಮಧ್ಯಾಹ್ನ ನೆನಪಾಯಿತು.

ನಿಮ್ಮ ಅಮ್ಮನಿಗೆ ಆಗ ಏಳು ವರ್ಷ. ಬಸ್ಸು ನುಗ್ಗದಷ್ಟು ಕಿರಿದಾದ ಬೀದಿಯಲ್ಲಿ ತಮಿಳರು, ತೆಲುಗರು, ಉರ್ದು ಮಾತಾಡುವವರು ಎಲ್ಲರೂ ಇದ್ದರು. ತಿರುವಿನಲ್ಲಿದ್ದ ನಮ್ಮದೊಂದೇ ಕನ್ನಡದ ಮನೆ. ಅಂದು ಇಬ್ಬರು ಅಳತೆ ಟೇಪು ಹಿಡಿದು ಬಂದು ಪ್ರತಿ ಮನೆಯ ಗೋಡೆಗೂ ಕೆಂಪು ಪಟ್ಟೆ ಎಳೆದು ಹೋದರು. ನಮ್ಮೂರಲ್ಲಿ ಹಬ್ಬಕ್ಕೆ ಗೋಡೆಗೆ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದೆವು. ನವರಾತ್ರಿ ಹತ್ತಿರವಿತ್ತು. ಇದೂ ಹಾಗೆಯೇ ಎಂದುಕೊಂಡೆ, ಕೇಳಲು ನಾಚಿಕೆ. ಪಟ್ಟೆಗೆ ಅರಿಶಿನ ಕುಂಕುಮ ಹಚ್ಚಿದೆ.

ಅದನ್ನು ನೋಡಿ ಎದುರುಮನೆಯ ತೆಲುಗು ಅಕ್ಕನೂ ಹಚ್ಚಿದಳು. ಪಕ್ಕದ ಬೀಬಿ, "ನಮ್ಮ ಗೋಡೆ ಏನು ಪಾಪ ಮಾಡಿದೆ?" ಎಂದು ತಮಿಳಿನಲ್ಲಿ ನಕ್ಕು, ಪಟ್ಟೆಯ ಮೇಲಿದ್ದ ಮೊಳೆಗೆ ಮಲ್ಲಿಗೆ ಸಿಕ್ಕಿಸಿದಳು. ಸಂಜೆಗೆ ಇಡೀ ಬೀದಿ ಹಬ್ಬದಂತಿತ್ತು.

ನಿಮ್ಮ ತಾತ ರೈಲ್ವೆ ಕೆಲಸ ಮುಗಿಸಿ ಬಂದವರು ಚಪ್ಪಲಿ ಬಿಡದೆ ನಿಂತರು.

"ಯಾರೇ ಈ ಪಟ್ಟೆಗಳಿಗೆ ಪೂಜೆ ಮಾಡಿದ್ದು?"

"ನಾನೇ ಶುರು ಮಾಡಿದ್ದು. ಯಾಕ್ರೀ?"

"ರಸ್ತೆ ಅಗಲ ಮಾಡ್ತಾರೆ. ಕೋಯಂಬೇಡಿಗೆ ನೇರ ಬಸ್ ಬರುತ್ತಂತೆ. ಬೀದಿ ಕಡೆಯಿಂದ ಪಟ್ಟೆ ಇರೋ ತನಕ ಒಡೀತಾರೆ ಕಣೇ." ಎದುರಿನ ಗೋಡೆಗಳನ್ನು ನೋಡುತ್ತಾ ಕೇಳಿದರು, "ನಮ್ಮನೆ ಪಟ್ಟೆ ಎಲ್ಲಿದೆ?"

ನಾನು ಅರಿಶಿನದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದೆ.

ನಿಮ್ಮ ಅಮ್ಮ ಓಡಿಬಂದು ಅವರ ಬೆರಳು ಹಿಡಿದೆಳೆದಳು. "ಅಪ್ಪಾ, ವಾಂಗೋ, ಬನ್ನಿ, ತೋರಿಸ್ತೀನಿ. ಎಲ್ಲಾರ್ದೂ ಜಗುಲಿ ಹತ್ರ. ನಮ್ದು ಮಾತ್ರ ಹಿತ್ತಲ ಬಾಗಿಲ ಹತ್ರ."