ಗೆರೆಯಾಚೆ ನಿಂತವಳು

ಮೊದಲ ಹಾಫ್ ಮ್ಯಾರಥಾನ್‌ಗೆ ತಯಾರಾಗುತ್ತಿದ್ದ ವನಮಾಲಾಗೆ ಅರ್ಧ ದಾರಿಯಲ್ಲೇ ಕಾಲು ಸೋಲುತ್ತಿತ್ತು.

“ಕಾಲು ಸೋತಾಗ ಮನಸ್ಸು ಓಡಿಸ್ಬೇಕು ಮೇಡಂ,” ಎಂದರು ಕೋಚ್. “ಕೊನೇಲಿ ನಿಮ್ಮೋರು ಯಾರೋ ಕಾಯ್ತಿದಾರೆ ಅಂದ್ಕೊಳ್ಳಿ.”

“ಮಗಳು ಅಂದ್ಕೊಳ್ಲಾ?”

“ಇನ್ನೇನು ಬೇಕು ಮತ್ತೆ!”

ಅಂದಿನಿಂದ ಅವಳ ಓಟವೇ ಬದಲಾಯಿತು. ಎಷ್ಟು ದೂರ ಕೊಟ್ಟರೂ ನಗುತ್ತಲೇ ಓಡುತ್ತಿದ್ದಳು. ಓಡಿ ಮುಗಿಸಿದ ಮೇಲೆ ಮಾತ್ರ ಮಂಕಾಗಿ ಕೂತುಬಿಡುತ್ತಿದ್ದಳು.

ಸ್ಪರ್ಧೆಯ ದಿನ, ಓಟ ಮುಗಿಯುವ ಗೆರೆ ಇನ್ನೇನು ಬಂತು ಅನ್ನುವಾಗ ಅವಳು ಗಕ್ಕನೆ ನಿಂತಳು. ಕೋಚ್ ಗಾಬರಿಯಿಂದ ಓಡಿಬಂದರು.

“ದಾಟಿ ಮೇಡಂ! ಮಗಳು ಕಾಯ್ತಿಲ್ವಾ?”

ಗೆರೆಯಾಚೆ ನೆಟ್ಟ ಕಣ್ಣು ಕೀಳದೆ ಅವಳು ಹೇಳಿದಳು:

“ಕಾಯ್ತಿದಾಳೆ ಸರ್. ದಾಟಿದ್ರೆ ಮಾಯ ಆಗ್ತಾಳೆ. ಮಣ್ಣು ಮಾಡಿ ಬಂದ್ಮೇಲೆ ಅವಳು ನಂಗೆ ಕಾಣ್ಸೋದು ಓಡುವಾಗ ಮಾತ್ರ.”