ಹೊರಡುವ ತಾರೀಖು

ಎಪ್ಪತ್ತು ತುಂಬಿದವರು ನಗರಸಭೆಗೆ ಬಂದು ತಾವು ಸಾಯುವ ತಾರೀಖು ಬರೆಸಿಕೊಂಡು ಹೋಗುವುದು ಆ ಊರಿನಲ್ಲಿ ರೇಷನ್ ಕಾರ್ಡ್ ಮಾಡಿಸಿದಷ್ಟೇ ಮಾಮೂಲು. ಆ ದಿನ ಬೆಳಿಗ್ಗೆ ಬಾಗಿಲಿಗೆ ವ್ಯಾನ್ ಬರುತ್ತಿತ್ತು.

ಇವತ್ತು ಕೌಂಟರಿನ ವಾರಿಜಾಳ ಎದುರು ಕೂತವರು ಅವಳಿಗೆ ಎರಡನೇ ಕ್ಲಾಸಿನಲ್ಲಿ ಪಾಠ ಹೇಳಿದ ಅನಂತಪ್ಪ ಮೇಷ್ಟ್ರು.

"ಮಗಳ ಹೆರಿಗೆ ಆಗಿಬಿಡಲಿ. ಆಮೇಲೆ ಯಾವುದಾದರೂ ಹಾಕಮ್ಮ."

ತಾರೀಖು ದಾಖಲಿಸುವ ಯಂತ್ರ ನೋಡುವುದು ಅಂಕಿಗಳ ಆಕಾರವನ್ನಷ್ಟೇ ಎಂದು ವಾರಿಜಾಳಿಗೆ ಗೊತ್ತಿತ್ತು. ದಿನಕ್ಕೆ ಎರಡಂಕಿ, ತಿಂಗಳಿಗೆ ಎರಡು, ವರ್ಷಕ್ಕೆ ನಾಲ್ಕು, ನಡುವೆ ಗೆರೆ. ಯಾವ ತಿಂಗಳಿಗೆ ಎಷ್ಟು ದಿನ ಎಂಬ ಗೋಜಿಗೆ ಅದು ಹೋಗುತ್ತಿರಲಿಲ್ಲ. ಆದರೆ ಸಿಕ್ಕಿಬಿದ್ದರೆ ಅವಳ ತಾರೀಖನ್ನೂ ಇವತ್ತೇ ಬರೆದುಬಿಡುತ್ತಾರೆ. ಬೆವರಿದ ಬೆರಳಿನಿಂದ ಫೆಬ್ರವರಿ ಮೂವತ್ತು ಎಂದು ಒತ್ತಿದಳು. ಬೆನ್ನ ಹಿಂದೆ ಸೂಪರ್‌ವೈಸರ್ ಕೆಮ್ಮಿದ. ಕೆಂಪು ದೀಪ ಮಿಣುಕುತ್ತಲೇ ಇತ್ತು, ಆಮೇಲೆ ಹಸಿರಾಯಿತು.

ಚೀಟಿ ಓದಿದ ಮೇಷ್ಟ್ರು, ಹಿಂದೆ ಮಕ್ಕಳಿಗೆ ಕಲಿಸಿದಂತೆಯೇ, ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ತಿಂಗಳು ಎಣಿಸತೊಡಗಿದರು. ಜನವರಿಗೆ ಗೆಣ್ಣು, ಫೆಬ್ರವರಿಗೆ ತಗ್ಗು. ಬೆರಳು ಅಲ್ಲೇ ನಿಂತಿತು.

ಮೇಷ್ಟ್ರು ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. ಏಳುವಾಗ ಬಗ್ಗಿ ಮೆಲ್ಲಗೆ ಹೇಳಿದರು:

"ನಿನಗೆ ಲೆಕ್ಕ ಕಲಿಸಿದ್ದು ನಾನು ಅಂತ ಯಾರಿಗೂ ಹೇಳಬೇಡ, ಮಗೂ."