ಯಾರೋ ಒಬ್ಬಳು ಹುಡುಗಿ

"ಉಮ್ ರಾಮಿ, ಆ ನಲ್ಲಿ ನಿಲ್ಲಿಸು! ಪಾತ್ರೆ ಆಮೇಲೆ ತೊಳೆದ್ರಾಯ್ತು. ಇಲ್ಲಿ ಹಾಡು ಕೇಳಿಸ್ತಿಲ್ಲ," ಎಂದು ವಜ್ದಿ ಹಜಾರದಿಂದ ಕೂಗಿದ. ಅಡುಗೆಮನೆಯಲ್ಲಿ ಅವನ ಹೆಂಡತಿ ಇಬ್ತಿಸಾಮ್ ನಲ್ಲಿ ನಿಲ್ಲಿಸಿದಳು. ಊಟ ಮುಗಿದಾಗಿನಿಂದ ಇದೇ ಗೋಳು.

ಹಜಾರದ ಮೇಜಿನ ಮೇಲೆ ಎರಡು ಆಂಪ್ಲಿಫೈಯರ್‌ಗಳು ಕೂತಿದ್ದವು. ಒಂದು ಹಳೆಯ ವಾಲ್ವಿನದು, ಗಾಜಿನ ಬುರುಡೆಗಳೊಳಗೆ ಕೆಂಡ ಹೊತ್ತಿಸಿಕೊಂಡಿತ್ತು. ಇನ್ನೊಂದು ಟ್ರಾನ್ಸಿಸ್ಟರಿನದು, ತಣ್ಣಗಿನ ಕಪ್ಪು ಡಬ್ಬಿ. ಕೇಳಿ ನೋಡಿ ಒಂದನ್ನು ಇಟ್ಟುಕೊಳ್ಳಲಿ ಎಂದು ಅಂಗಡಿಯ ಶಫೀಕ್ ಎರಡನ್ನೂ ಹೊತ್ತು ತಂದಿದ್ದ. ಪರೀಕ್ಷೆಗೆಂದು ವಜ್ದಿ ಬೀರುವಿನಿಂದ ಒಂದು ಹಳೆಯ ಟೇಪು ತೆಗೆದಿದ್ದ. ಅದರಲ್ಲಿ ಹಾಡುತ್ತಿದ್ದವಳು ಇಬ್ತಿಸಾಮ್. ನಿಶ್ಚಿತಾರ್ಥದ ಸಂಜೆ, ಇದೇ ಬೈರೂತಿನಲ್ಲಿ, ಅವಳ ಅಪ್ಪನ ಮನೆಯ ತಾರಸಿಯ ಮೇಲೆ ಹಾಡಿದ್ದು. ರೆಕಾರ್ಡ್ ಮಾಡಿದವನೂ ಇದೇ ವಜ್ದಿ.

ಮದುವೆಯಾದ ಮೇಲೆ, "ನಾಲ್ಕು ಜನ ಏನಂದಾರು," ಎಂದು ಅವಳ ಬಾಯಿ ಮುಚ್ಚಿಸಿದವನೂ ಅವನೇ. ಮಗ ರಾಮಿ ಹುಟ್ಟಿದ್ದೇ ತಡ, ಹೆಸರೂ ಹೋಯಿತು. ಗಂಡನಿಗೂ ಬೀದಿಗೂ ಅವಳು ಉಮ್ ರಾಮಿ, ರಾಮಿಯ ತಾಯಿ, ಅಷ್ಟೇ.

"ಈಗ ವಾಲ್ವಲ್ಲಿ ಕೇಳಿ, ಅಬು ರಾಮಿ. ಗಂಟಲನ್ನ ಜೇನಲ್ಲಿ ಅದ್ದಿ ತೆಗೆದ ಹಾಗಿಲ್ವಾ?" ಶಫೀಕನ ದನಿ. ಅವನಿಗೆ ವಜ್ದಿ ಅಬು ರಾಮಿ, ರಾಮಿಯ ಅಪ್ಪ.

"ಟ್ರಾನ್ಸಿಸ್ಟರಲ್ಲಿ ಉಸಿರೆಳೆಯೋದೂ ಕೇಳಿಸ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ವಾಲ್ವಲ್ಲಿ ಅವಳು ಈ ಮನೇಲೇ ಇದಾಳೆ ಅನ್ಸುತ್ತೆ ಮಾರಾಯ!"

"ಎಂಥ ಕಂಠ! ಯಾರಿವಳು?"

ಅಡುಗೆಮನೆಯಲ್ಲಿ ಇಬ್ತಿಸಾಮ್ ಒದ್ದೆ ಕೈಯಲ್ಲೇ ನಿಂತುಬಿಟ್ಟಳು.

"ಯಾರೋ ಒಬ್ಬಳು ಹುಡುಗಿ," ಎಂದ ವಜ್ದಿ. "ಆಮೇಲೆ ಹಾಡೋದು ಬಿಟ್ಟಳಂತೆ. ಉಮ್ ರಾಮಿ, ಕಾಫಿ ಏನಾಯ್ತು?"

ಬಿಟ್ಟಳಂತೆ! ಇಬ್ತಿಸಾಮಳ ಮೈಯೆಲ್ಲ ಉರಿದುಹೋಯಿತು. ಬಿಡಿಸಿದವನ ಬಾಯಲ್ಲಿ ಅದು ಯಾರೋ ಎಲ್ಲೋ ಹೇಳಿದ ಸುದ್ದಿ! ಡಬ್ಬಿಯೊಳಗಿನ ಗಂಟಲಿಗೆ ಇಷ್ಟೆಲ್ಲ ಉಪಚಾರ, ಗೋಡೆಯ ಈಚೆ ಇರುವ ಗಂಟಲು ಪಾತ್ರೆಯ ಸದ್ದನ್ನೂ ಮಾಡಕೂಡದು.

ಸರ್ಕಾರಿ ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಬೀದಿಯ ಜನರೇಟರಿನಿಂದ ಮನೆಗೆ ಬರುವುದು ಐದೇ ಆಂಪಿಯರ್. ವಾಲ್ವು ಉರಿಯುವಾಗ ಕರೆಂಟಿನ ಕೆಟಲ್ ಮುಟ್ಟಬಾರದೆಂದು ವಜ್ದಿ ತಾಕೀತು ಮಾಡಿದ್ದ. ಕಾಫಿಗೆ ಗ್ಯಾಸ್ ಒಲೆ ಇತ್ತು. ಆದರೂ ಅವಳು ಕೆಟಲಿಗೆ ನೀರು ತುಂಬಿ ಸ್ವಿಚ್ ಒತ್ತಿದಳು. ಹೊರೆ ಹೆಚ್ಚಾಗಿ ಅಡುಗೆಮನೆ ಬಾಗಿಲ ಪಕ್ಕದ ಬ್ರೇಕರಿನ ಗುಂಡಿ ಟಪ್ಪೆಂದು ಕೆಳಗೆ ಬಿತ್ತು, ಮನೆಯ ಕರೆಂಟೆಲ್ಲ ಹೋಯಿತು.

ಹಾಡು ಅರ್ಧ ಸಾಲಿನಲ್ಲಿ ನಿಂತಿತು. ಅದು ನಿಂತಲ್ಲಿಂದಲೇ ಇಬ್ತಿಸಾಮ್ ಹಾಡು ಎತ್ತಿಕೊಂಡಳು. ದನಿ ದಪ್ಪಗಾಗಿತ್ತು, ಮೇಲಿನ ಸ್ವರದಲ್ಲಿ ಒಂದು ಕಡೆ ಒಡೆಯಿತು ಕೂಡ. ಅವಳು ನಿಲ್ಲಿಸಲಿಲ್ಲ.

"ಕೇಳಿದ್ರಾ! ಕರೆಂಟು ಹೋದ್ರೂ ಬಿಸಿ ಆರೋವರೆಗೂ ವಾಲ್ವು ಹಾಡುತ್ತೆ ಅಂತ ನಾನು ಹೇಳ್ಲಿಲ್ವಾ?" ಎಂದು ಶಫೀಕ್ ಹಿಗ್ಗಿದ. ಆಮೇಲೆ ನಿಂತುಹೋದ ಟೇಪನ್ನು ಕಂಡು ಅಡುಗೆಮನೆಯ ಕಡೆ ತಿರುಗಿ ನೋಡಿದ.

ವಜ್ದಿ ಅಡುಗೆಮನೆಯ ಬಾಗಿಲಿಗೆ ಓಡಿ ಬಂದ. ಮುಖ ಕೆಂಪಗಾಗಿತ್ತು. "ಉಮ್ ರಾಮಿ, ಏನಿದು ಹುಚ್ಚಾಟ? ಬಂದವರ ಮುಂದೆ ಮಾನ ಕಳೀಬೇಡ. ಎತ್ತು ಆ ಗುಂಡಿ."

ಇಬ್ತಿಸಾಮ್ ಹಾಡು ನಿಲ್ಲಿಸಿ ಗುಂಡಿಯ ಮೇಲೆ ಅಂಗೈ ಇಟ್ಟಳು.

"ಎತ್ತುತೀನಿ, ವಜ್ದಿ." ರಾಮಿ ಹುಟ್ಟಿದ ಮೇಲೆ ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. "ಆ ಹುಡುಗಿ ಹೆಸರು ಹೇಳು. ಅವರಿಗೆ ಕೇಳಿಸೋ ಹಾಗೆ ಹೇಳು."

ವಜ್ದಿ ಒಮ್ಮೆ ಶಫೀಕನ ಕಡೆ ನೋಡಿದ, ಒಮ್ಮೆ ಗುಂಡಿಯ ಕಡೆ. ಅವನ ಬೆನ್ನ ಹಿಂದೆ, ಮೇಜಿನ ಮೇಲೆ, ವಾಲ್ವುಗಳ ಕೆಂಡ ಒಂದೊಂದಾಗಿ ಆರುತ್ತಿತ್ತು.